ಗರಡಿಯ ಉಸಿರು, ನನ್ನ ಒನಕೆ

ಉಸಿರಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲವೆಂದು ಲೋಕವೆಲ್ಲ ನಂಬಿರುವಾಗ, ಅದನ್ನೇ ಕಲಿಸಲು ಹೊರಟವರ ಮನೆಯಲ್ಲಿ ನಗುವಿಗೆ ಬರ ಬರುವುದಿಲ್ಲ. ನಮ್ಮ ಮನೆಯವರು ಅಜ್ಜಂಪುರದ ಗರಡಿಯಲ್ಲಿ ವಸ್ತಾದರಾಗಿದ್ದರು, ಅಂದರೆ ಕುಸ್ತಿ ಕಲಿಸುವ ಗುರುಗಳು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕಡೂರಿನಿಂದ ಮದುವೆಯಾಗಿ ಬಂದಾಗ, ನಮ್ಮ ಒರಳಿದ್ದ ಕೋಣೆಗೂ ಗರಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಆದ್ದರಿಂದ ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಕಣ್ಣಾರೆ ಕಂಡದ್ದು ಕಡಿಮೆ. ಗೋಡೆಯ ಈಚೆ ನಿಂತು ಕಿವಿಯಾರೆ ಕೇಳಿದ್ದೇ ಹೆಚ್ಚು.

೧. ಹೊಸ ಸೊಸೆಯ ಪಾಠ

ನಮ್ಮ ಮನೆಯವರ ವಿದ್ಯೆಯೆಲ್ಲ ಮೂರು ಮಾತಿನಲ್ಲಿ ಮುಗಿಯುತ್ತಿತ್ತು. ಬಾಯಿ ಮುಚ್ಚು. ಮೂಗಿನಿಂದ ಹೊಟ್ಟೆಯ ತನಕ ಎಳೆದುಕೊ. ಬಲ ಹಾಕುವಾಗ ಉಸಿರನ್ನು ಹೊರಗೆ ಬಿಡು. ಎದುರಾಳಿಯನ್ನು ಎತ್ತುವ ಹೊತ್ತಿನಲ್ಲಿ ಉಸಿರು ಬಿಗಿಹಿಡಿದವನು ಆಗಲೇ ಸೋತಂತೆ ಎಂಬುದು ಅವರ ಸಿದ್ಧಾಂತ. "ಉಸ್ರು ಕಟ್ಟಿದೋನು ಬೆನ್ನು ಮಣ್ಣಿಗೆ ಕೊಟ್ಟ ಕಣ್ರೋ" ಎಂದು ಬೆಳಗಿನಿಂದ ನೂರು ಸಲ ಹೇಳುವರು. ಶಿಷ್ಯರು ನೂರು ಸಲವೂ ತಲೆಯಾಡಿಸಿ, ನೂರು ಸಲವೂ ಉಸಿರು ಕಟ್ಟುವರು.

ನಾನು ಬಂದು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆಯವರು ಮೊರದ ತುಂಬ ಒಣಮೆಣಸಿನಕಾಯಿ ಕೊಟ್ಟು, ಪುಡಿ ಮಾಡಿಡು ಎಂದು ಹೇಳಿ ದೇವಸ್ಥಾನಕ್ಕೆ ಹೋದರು. ಒಳ್ಳೆಯ ಹೆಸರು ಪಡೆಯಬೇಕೆಂದು ನಾನು ಸೆರಗನ್ನು ಮೂಗಿಗೆ ಬಿಗಿದು, ಒನಕೆ ಹಿಡಿದು ಜೋರಾಗಿ ಕುಟ್ಟಿದೆ. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳನ್ನು ನಾನು ಗಮನಿಸಿರಲಿಲ್ಲ. ಗರಡಿಯಲ್ಲಿ ಆ ಹೊತ್ತಿಗೆ ಹದಿನಾಲ್ಕು ಜನ, ಅಪ್ಪಣೆಯಂತೆ, ಮೂಗಿನಿಂದ ಹೊಟ್ಟೆಯ ತನಕ ಎಳೆದುಕೊಳ್ಳುತ್ತಿದ್ದರು.

ಮರುಕ್ಷಣದಲ್ಲಿ ಹದಿನಾಲ್ಕು ಜನರೂ ಲಂಗೋಟಿಯಲ್ಲೇ ಬೀದಿಗೆ ಬಂದು ಸೀನುತ್ತ ನಿಂತರು. ಅವರ ಹಿಂದೆ ವಸ್ತಾದರೂ ಬಂದರು. ಎದುರುಮನೆಯ ಜಗಲಿಯಲ್ಲಿ ಕುಳಿತಿದ್ದ ಹಳೆಯ ಪೈಲ್ವಾನರೊಬ್ಬರು ಎಲೆಯಡಿಕೆ ಮೆಲ್ಲುತ್ತ, "ವಸ್ತಾದ್ರೇ, ಉಸ್ರು ಹೊರಗೆ ಬಿಡ್ರೋ ಅಂತ ನೀವು ಹತ್ತು ವರ್ಷ ಬಡ್ಕೊಂಡ್ರಿ. ನಿಮ್ಮ ಹೆಂಡ್ತಿ ಒಂದೇ ದಿನದಲ್ಲಿ ಬಿಡಿಸ್ಬಿಟ್ಳು" ಎಂದರಂತೆ.

ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಬೆಳಿಗ್ಗೆ ಗರಡಿ ಮುಗಿಯುವ ತನಕ ನಾನು ಭತ್ತವನ್ನೋ ಅವಲಕ್ಕಿಯನ್ನೋ ಕುಟ್ಟಬೇಕು. ಮೆಣಸಿನಕಾಯಿ ಏನಿದ್ದರೂ ಮಧ್ಯಾಹ್ನದ ಮೇಲೆ.

೨. ವಸ್ತಾದರ ಮಧ್ಯಾಹ್ನ

ಬಾಯಿ ಮುಚ್ಚಿ ಉಸಿರಾಡಿ ಎಂದು ಊರಿಗೆಲ್ಲ ಹೇಳುತ್ತಿದ್ದ ನಮ್ಮ ಮನೆಯವರು ಊಟವಾದ ಮೇಲೆ ಜಗಲಿಯಲ್ಲಿ ಮಲಗಿದರೆಂದರೆ ಬಾಯಿ ಗುಹೆಯಂತೆ ತೆರೆದುಕೊಳ್ಳುತ್ತಿತ್ತು. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಗೊರಕೆಯು ಬಸ್ ನಿಲ್ದಾಣದ ತನಕ ಕೇಳುತ್ತಿತ್ತು.

ಒಮ್ಮೆ ಮೂವರು ಶಿಷ್ಯರು ಏನನ್ನೋ ಕೇಳಲು ಬಂದವರು ಈ ದೃಶ್ಯವನ್ನು ಕಂಡು ಅಲ್ಲೇ ನಿಂತರು. "ಬಾಯ್ ಮುಚ್ಚು ಅಂದೋರ ಬಾಯಾಗೆ ನೊಣ ಹೋಗಿ ಬತ್ತಾ ಐತಲ್ಲೋ" ಎಂದು ಒಬ್ಬನು ಪಿಸುಗುಟ್ಟಿದ್ದು ಬಾಗಿಲ ಹಿಂದಿದ್ದ ನನಗೂ ಕೇಳಿಸಿತು. ಇವರಿಗೂ ಕೇಳಿಸಿತೆಂದು ಕಾಣುತ್ತದೆ. ಎದ್ದು ಕುಳಿತು, ಸ್ವಲ್ಪವೂ ಅಳುಕದೆ, "ನೋಡಿದ್ರೇನ್ರೋ? ಬಾಯಾಗೆ ಉಸಿರಾಡಿದ್ರೆ ಎಷ್ಟು ಅಸಹ್ಯ ಕಾಣ್ತದೆ ಅಂತ ತೋರ್ಸಕ್ಕೇ ಮಲ್ಗಿದ್ದೆ" ಎಂದರು.

ಆ ಪಾಠವನ್ನು ಅವರು ದಿನಕ್ಕೆ ಎರಡು ಗಂಟೆಯಂತೆ, ಒಂದು ದಿನವೂ ತಪ್ಪಿಸದೆ ಬೋಧಿಸುತ್ತಿದ್ದರು.

೩. ಬಾಯಿ ತುಂಬ ನೀರು

ಹತ್ತು ಹನ್ನೆರಡು ವರ್ಷ ಹೀಗೇ ಕಳೆದು ಎಂಬತ್ತರ ದಶಕ ಬಂದಿತು. ಆಗಿನ ಶಿಷ್ಯರಲ್ಲಿ ಗಾಣದ ಮನೆಯ ಹಿರಿಯ ಮಗನೇ ಮುಖ್ಯನು. ಅವನನ್ನು ನಾವು ಗಾಣದವನು ಎಂದೇ ಕರೆಯುತ್ತಿದ್ದೆವು. ಇಪ್ಪತ್ತೈದರ ಪ್ರಾಯ, ಎತ್ತಿನಂತಹ ಹೆಗಲು, ಹಸುವಿನಂತಹ ವಿಧೇಯತೆ. ಅವನಿಗಿದ್ದ ಕೊರತೆ ಒಂದೇ: ಮನೆಯ ಗರಡಿಯಲ್ಲಿ ಎಲ್ಲರನ್ನೂ ಕೆಡವುವವನು ಹೊರಗಿನ ಊರಿನ ಕುಸ್ತಿಯಲ್ಲಿ ಉಸಿರಾಡುವುದನ್ನೇ ಮರೆಯುತ್ತಿದ್ದನು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ತಾನಾಗಿಯೇ ಕುಸಿದು ಬೀಳುತ್ತಿದ್ದನು.

ಮೂಗಿನ ಉಸಿರು ರೂಢಿಯಾಗಲೆಂದು ನಮ್ಮ ಮನೆಯವರು ಒಂದು ಕ್ರಮವಿಟ್ಟಿದ್ದರು. ಗರಡಿಯ ಬಾಗಿಲಲ್ಲಿ ಬಾಯಿ ತುಂಬ ನೀರು ತುಂಬಿಕೊಂಡು ರೈಲ್ವೆ ಸ್ಟೇಷನ್ನಿನ ತನಕ ಓಡಬೇಕು. ಹಿಂತಿರುಗಿ ಬಂದು ಅದೇ ನೀರನ್ನು ವಸ್ತಾದರ ಎದುರಿನಲ್ಲಿ ತೆಂಗಿನ ಸಸಿಯ ಬುಡಕ್ಕೆ ಉಗುಳಬೇಕು. ದಾರಿಯಲ್ಲಿ ನುಂಗಿದರೂ ಚೆಲ್ಲಿದರೂ ನೂರು ಬಸ್ಕಿ. ಊರಿನಲ್ಲೆಲ್ಲ ಆ ತೆಂಗಿನ ಸಸಿಯೇ ಪುಷ್ಟಿಯಾಗಿತ್ತು.

ಆ ದಿನಗಳಲ್ಲಿ ನಮ್ಮ ಕಡೆಯ ಸೊಸೈಟಿಯೊಂದಕ್ಕೆ ಗೊಬ್ಬರದ ಮೂಟೆ ಇಡಲು ಜಾಗವಿರಲಿಲ್ಲ. ಗರಡಿಯು ಊರೊಟ್ಟಿನ ಕಟ್ಟಡವಾದ್ದರಿಂದ ಸೊಸೈಟಿಯ ಅಧ್ಯಕ್ಷರ ಕಣ್ಣು ಅದರ ಮೇಲೆ ಬಿದ್ದಿತ್ತು. ಒಂದು ಮುಂಜಾನೆ ರೈಲ್ವೆ ಗೇಟು ಹಾಕಿತ್ತು. ಓಡಿ ಬಂದ ಗಾಣದವನು ನಿಲ್ಲಬೇಕಾಯಿತು. ಅಲ್ಲೇ ಸೈಕಲ್ ಹಿಡಿದು ನಿಂತಿದ್ದವರು ಅಧ್ಯಕ್ಷರು.

"ನಿಮ್ಮ ಗರಡೀನ ಗೊಬ್ಬರಕ್ಕೆ ತಗಳಾನ ಅಂತಿದೀವಿ ಕಣೋ. ನಿಮ್ಮ ವಸ್ತಾದ್ರದ್ದು ಏನೂ ಅಡ್ಡಿ ಇಲ್ಲ ತಾನೆ?"

ಗಾಣದವನ ಬಾಯಿ ತುಂಬ ನೀರು. ತಾಳಿ, ಉಗುಳಿ ಬಂದು ಹೇಳುತ್ತೇನೆ ಎಂಬ ಅರ್ಥದಲ್ಲಿ ಅಂಗೈ ಎತ್ತಿ ತೋರಿಸಿದನು. ಅಧ್ಯಕ್ಷರು ಅದನ್ನು ಆಗಲಿ ಎಂದು ತಿಳಿದರು. ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ಕೇಳಿದರು. ಇವನು ಗಾಬರಿಯಿಂದ ಎರಡೂ ಕೈ ಎತ್ತಿದನು. ಬೇಡಿ ಸ್ವಾಮಿ ಎಂದು ಕೊನೆಗೆ ಕೈಮುಗಿದನು. ಎಷ್ಟು ವಿನಯವಂತ ಹುಡುಗ ಎಂದು ಮೆಚ್ಚಿ ಅಧ್ಯಕ್ಷರು ಸೈಕಲ್ ಹತ್ತಿದರು. ಅದೇ ಸಂಜೆ, ಗರಡಿಯವರೆಲ್ಲ ಮನಃಪೂರ್ವಕ ಒಪ್ಪಿದ್ದಾರೆಂದು ಊರಿನಲ್ಲಿ ಸುದ್ದಿಯಾಯಿತು.

"ಅಲ್ಲೇ ಉಗುಳಿ ಆಗಲ್ಲ ಅನ್ನಕ್ಕೆ ಏನಾಗಿತ್ತೋ ನಿಂಗೆ?" ಎಂದು ನಮ್ಮ ಮನೆಯವರು ಕೂಗಿದ್ದು ಗೋಡೆ ದಾಟಿ ಬಂದಿತು.

"ಉಗುಳಿದ್ರೆ ನೂರು ಬಸ್ಕಿ ಅಂದಿದ್ರಲ್ಲ ವಸ್ತಾದ್ರೇ" ಎಂದು ಗಾಣದವನು ತಣ್ಣಗೆ ಉತ್ತರಿಸಿದನು.

ನೂರು ಬಸ್ಕಿಯನ್ನು ಉಳಿಸಿಕೊಂಡು, ಗರಡಿಯನ್ನು ಕಳೆದುಕೊಂಡು ಬಂದಿದ್ದನು.

೪. ಹೊಟ್ಟೆಯ ಮೇಲಿನ ಚೊಂಬು

ನಮ್ಮ ಮನೆಯವರು ಪಂಚಾಯಿತಿ ಕಟ್ಟೆಗೆ ಹೋಗಿ ಜಗಳವಾಡಿದರು. ಆರು ವರ್ಷದಿಂದ ನಿಮ್ಮ ಗರಡಿಯವರು ಹೊರಗೆ ಒಂದು ಕುಸ್ತಿಯನ್ನೂ ಗೆದ್ದಿಲ್ಲ, ಗೊಬ್ಬರವಾದರೆ ಹೊಲಕ್ಕಾದರೂ ಆಗುತ್ತದೆ ಎಂದು ಅಧ್ಯಕ್ಷರು ಹೇಳಿದರಂತೆ. ಆ ಮಾತು ಇವರಿಗೆ ನಾಟಿತು. ಬರುವ ತಿಂಗಳು ತರೀಕೆರೆಯ ಕುಸ್ತಿಯಲ್ಲಿ ಗಾಣದವನು ಕಡೂರಿನ ಪೈಲ್ವಾನನನ್ನು ಕೆಡವಿದರೆ ಗರಡಿ ಉಳಿಯಬೇಕು. ಕೆಡವದಿದ್ದರೆ ಮೊದಲನೆಯ ಗೊಬ್ಬರದ ಮೂಟೆಯನ್ನು ತಾವೇ ಹೊತ್ತು ಒಳಗಿಡುವುದಾಗಿ ಎಲ್ಲರ ಮುಂದೆ ಮಾತು ಕೊಟ್ಟು ಬಂದರು. ಅಧ್ಯಕ್ಷರೂ ಒಪ್ಪಿದರು.

ಮನೆಗೆ ಬಂದು ಊಟ ಮಾಡಲಿಲ್ಲ. ಅಜ್ಜನ ಕಾಲದಿಂದ ಇದ್ದ ಗರಡಿ ಅದು. ಅಲ್ಲಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡುವುದನ್ನು ಇವರು ಮಗುವಿಗೆ ಎರೆಯುವಷ್ಟು ಪ್ರೀತಿಯಿಂದ ಮಾಡುತ್ತಿದ್ದರು. ಆ ಮಣ್ಣಿನ ಮೇಲೆ ಗೊಬ್ಬರದ ಮೂಟೆ ಬೀಳುವುದನ್ನು ನೆನೆದು ನಾನೂ ತಟ್ಟೆಯನ್ನು ಎತ್ತಿಟ್ಟೆ.

ಮರುದಿನದಿಂದ ಗಾಣದವನಿಗೆ ಹೊಸ ಸಾಧನೆ ಆರಂಭವಾಯಿತು. ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ನೀರು ತುಂಬಿದ ಹಿತ್ತಾಳೆಯ ಚೊಂಬನ್ನು ಇಡುವುದು. ಉಸಿರು ಹೊಟ್ಟೆಗೆ ಇಳಿದರೆ ಚೊಂಬು ಮೇಲೇಳಬೇಕು, ಬಿಟ್ಟರೆ ಇಳಿಯಬೇಕು, ಒಂದು ಹನಿಯೂ ತುಳುಕಬಾರದು. ಮೊದಲ ಮೂರು ದಿನ ಚೊಂಬು ಉರುಳಿ ಉರುಳಿ ಸೊಟ್ಟಗಾಯಿತು. ನಾಲ್ಕನೆಯ ದಿನ ಗೋಡೆಯಾಚೆಯಿಂದ ಇವರ ಸಂತೋಷದ ದನಿ ಕೇಳಿಸಿತು. ಎಲ್ಲರನ್ನೂ ಕರೆದು, ನೋಡಿ, ಇದು ಉಸಿರು, ಹೇಗೆ ಏರುತ್ತಿದೆ, ಹೇಗೆ ಇಳಿಯುತ್ತಿದೆ, ಕಲಿಯಿರಿ ಎಂದು ಹೊಗಳಿದರು.

ಆಮೇಲೆ ಒಬ್ಬ ಶಿಷ್ಯನು, "ವಸ್ತಾದ್ರೇ, ಅವ್ನು ನಿದ್ದೆ ಹೋಗೌನೆ" ಎಂದನು.

೫. ಬೇಗ ಬಾ

ಕುಸ್ತಿಗೆ ಇನ್ನು ಎರಡು ವಾರವಿರುವಾಗ ನನ್ನ ಅತ್ತಿಗೆಯ ಬಾಣಂತನಕ್ಕೆಂದು ನಾನು ಕಡೂರಿಗೆ ಹೋದೆ. ಐದನೆಯ ದಿನ ನನ್ನ ಹೆಸರಿಗೆ ಒಂದು ಕಾರ್ಡು ಬಂದಿತು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರು ನನಗೆ ಒಂದು ಕಾಗದವನ್ನೂ ಬರೆದವರಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳಾದ ನಾನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಅಣ್ಣ ಹಿಂದಿನಿಂದ ಇಣುಕಿ ಗಟ್ಟಿಯಾಗಿ ಓದಿಬಿಟ್ಟನು. "ನೀನಿಲ್ಲದೆ ಇಲ್ಲಿ ಏನೂ ಸರಿ ಇಲ್ಲ. ಬೇಗ ಬಾ." ಅಷ್ಟೇ ಇದ್ದದ್ದು. ಬಾಣಂತಿಯೂ ಸೇರಿ ಮನೆಯವರೆಲ್ಲ ನಕ್ಕರು. ನಾನು ನಾಚಿಕೆಯಿಂದ ಹಿತ್ತಿಲಿಗೆ ಹೋಗಿ, ಕಾರ್ಡನ್ನು ಇನ್ನೆರಡು ಸಲ ಓದಿಕೊಂಡು ಬಂದೆ.

ಮರುದಿನ ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರಕ್ಕೆ ಬಂದು ಇಳಿದರೆ, ಸ್ಟೇಷನ್ನಿನಲ್ಲಿ ಅವರೇ ನಿಂತಿದ್ದರು. ಇದು ಕೂಡ ಹಿಂದೆಂದೂ ಆದದ್ದಲ್ಲ. ನನ್ನ ಚೀಲವನ್ನೂ ತಾವೇ ತೆಗೆದುಕೊಂಡು ಮುಂದೆ ನಡೆದರು. ನಾನು ಮುಡಿದಿದ್ದ ಹೂವನ್ನು ಸರಿಮಾಡಿಕೊಳ್ಳುತ್ತ ಹಿಂದೆ ನಡೆದೆ. ಮನೆಗೆ ಹೋದೊಡನೆ ಅವರು ಒರಳನ್ನು ತೋರಿಸಿದರು. ಅದರಲ್ಲಿ ಆಗಲೇ ಭತ್ತ ಸುರಿದಿಟ್ಟಿತ್ತು.

"ಐದು ದಿನದಿಂದ ಒಬ್ಬನ ಉಸ್ರೂ ನೆಟ್ಟಗಿಲ್ಲ ಕಣೇ. ಕುಟ್ಟು."

ನಾನು ಹೂವು ತೆಗೆದಿಟ್ಟು ಒನಕೆ ಹಿಡಿದೆ.

ಆಗ ತಿಳಿದದ್ದು ಇಷ್ಟು. ಒನಕೆ ಎತ್ತುವಾಗ ನಾನು ಉಸಿರು ಎಳೆಯುತ್ತೇನೆ, ಕುಟ್ಟುವಾಗ ಬಿಡುತ್ತೇನೆ. ಕುಟ್ಟುವ ಹೆಂಗಸರೆಲ್ಲ ಹಾಗೆಯೇ. ಇಲ್ಲದಿದ್ದರೆ ಒಂದು ಸೇರು ಮುಗಿಯುವುದರೊಳಗೆ ನೆಲಕ್ಕೆ ಕುಳಿತುಬಿಡುತ್ತೇವೆ. ಗೋಡೆಯಾಚೆಯ ಶಿಷ್ಯರು ವರ್ಷಗಟ್ಟಲೆ ತಮಗರಿವಿಲ್ಲದೆ ಅದೇ ತಾಳಕ್ಕೆ ಉಸಿರಾಡುತ್ತಿದ್ದರು. ಗಾಣದವನಂತೂ ಪೂರ್ತಿ ಅದಕ್ಕೇ ಒಗ್ಗಿಹೋಗಿದ್ದನು. ಹೊರಗಿನ ಊರುಗಳಲ್ಲಿ ಒನಕೆ ಕೇಳಿಸದು, ಇವನು ಉಸಿರಾಡನು.

"ಹಂಗಾದ್ರೆ ತರೀಕೆರೇಲಿ ಏನ್ರೀ ಮಾಡ್ತೀರಾ?" ಎಂದು ಕೇಳಿದೆ.

ಅವರು ಒನಕೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೇಳಬಾರದಿತ್ತು ಎಂದು ನನಗೆ ಆ ಕ್ಷಣವೇ ಅನ್ನಿಸಿತು.

೬. ತರೀಕೆರೆಯ ಗಾಳಿ

ಬೇರೆ ಒನಕೆಯಾದರೆ ದನಿ ಬದಲಾಗುತ್ತದೆಂದು ಇವರು ನಮ್ಮದನ್ನೇ ಬಸ್ಸಿಗೆ ಹತ್ತಿಸಿದರು. ಅದು ಸೀಟಿನ ಕಂಬಿಗಳ ಮೇಲೆ, ಬಾಗಿಲಿಗೆ ಅಡ್ಡಲಾಗಿ ಮಲಗಿತು. ಮುಂದಿನ ಹಳ್ಳಿಗಳಲ್ಲಿ ಹತ್ತಿದವರೆಲ್ಲ ಅದಕ್ಕೆ ತಲೆಬಾಗಿಯೇ ಒಳಗೆ ಬರಬೇಕಾಯಿತು. ಇದು ಯಾವ ದೇವರಮ್ಮಾ ಎಂದು ಒಬ್ಬ ಮುದುಕರು ಭಕ್ತಿಯಿಂದ ಕೇಳಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕುಸ್ತಿಯ ಕಣದ ಹಿಂಬದಿಗೆ ನಮ್ಮ ಮನೆಯವರ ದೂರದ ಸಂಬಂಧದ ಅಜ್ಜಿಯೊಬ್ಬರ ಮನೆಯಿತ್ತು. ಅವರ ಹಿತ್ತಿಲಿಗೂ ಕಣಕ್ಕೂ ನಡುವೆ ಒಂದು ಮೋಟುಗೋಡೆ. ಅಲ್ಲಿಯ ಒರಳಿನ ಬಳಿ ನನ್ನನ್ನು ಬಿಟ್ಟು, ತಮಟೆ ಶುರುವಾದೊಡನೆ ಕುಟ್ಟು, ಜನ ಕೂಗುವ ತನಕ ನಿಲ್ಲಿಸಬೇಡ ಎಂದು ಹೇಳಿ ಅವರು ಹೋದರು. ಏನನ್ನು ಕುಟ್ಟಬೇಕೆಂದು ಹೇಳಲಿಲ್ಲ.

ನಾನು ಅಜ್ಜಿಯ ಬಳಿ ಒಂದಿಷ್ಟು ಭತ್ತ ಕೇಳಿದೆ.

"ಭತ್ತಕ್ಕೆ ಮಿಲ್ಲೈತೆ ಕಣವ್ವ. ಮೊಮ್ಮಗಳ ಮದ್ವೆಗೆ ಖಾರದ್ಪುಡಿ ಆಗ್ಬೇಕು. ಹೆಂಗೂ ಕುಟ್ತೀಯಲ್ಲ, ಇದನ್ನೇ ಕುಟ್ಟು" ಎಂದು ಅಜ್ಜಿ ಎರಡು ಮೊರ ಒಣಮೆಣಸಿನಕಾಯಿಯನ್ನು ಒರಳಿಗೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹಿರಿಯರಿಗೆ ಎದುರಾಡಿದವಳಲ್ಲ. ಅದೂ ಅವರ ಮನೆಯಲ್ಲಿ, ಅವರ ಒರಳಿನ ಮುಂದೆ ನಿಂತು, ಬೇಡ ಎನ್ನುವುದು ಹೇಗೆ? ಅಷ್ಟರಲ್ಲಿ ತಮಟೆ ಶುರುವಾಯಿತು. ಸೆರಗನ್ನು ಮೂಗಿಗೆ ಬಿಗಿದು ಒನಕೆ ಎತ್ತಿದೆ.

ಆ ಕುಸ್ತಿಯನ್ನು ನಾನು ಕಾಣಲಿಲ್ಲ, ಕೇಳಿದೆ. ಅಜ್ಜಂಪುರದವನು ತಿದಿಯಂತೆ ಉಸಿರಾಡುತ್ತಿದ್ದಾನೆಂದು ಯಾರೋ ಕೂಗಿದರು. ನನಗೆ ಹುರುಪು ಬಂದು ಇನ್ನೂ ಬಿರುಸಾಗಿ ಕುಟ್ಟಿದೆ. ಆಗ ಗೋಡೆಯಾಚೆ ಒಂದು ಸೀನು ಕೇಳಿಸಿತು. ಒಂಟಿ ಸೀನು ಅಪಶಕುನವೆಂದು ಕೈ ನಿಲ್ಲಿಸಿದೆ. ಕೂಡಲೇ ಎರಡನೆಯ ಸೀನು ಬಂದು ದೋಷ ಕಳೆಯಿತು. ನೆಮ್ಮದಿಯಿಂದ ಮುಂದುವರಿಸಿದೆ. ಆಮೇಲೆ ಮೂರು, ಹತ್ತು, ಐವತ್ತು, ಎಣಿಸುವಂತಿರಲಿಲ್ಲ. ತಮಟೆಯ ತಾಳ ತಪ್ಪಿತು, ಏಕೆಂದರೆ ತಮಟೆಯವನೂ ಸೀನುತ್ತಿದ್ದನು. ಕೊನೆಗೆ ಮೂಟೆ ಎತ್ತಿ ಹಾಕಿದಂತೆ ಧಪ್ಪೆಂದು ಒಂದು ಸದ್ದು. ಅದರ ಹಿಂದೆ ಕೆಮ್ಮು ಬೆರೆತ ದೊಡ್ಡ ಕೂಗು.

ನಮ್ಮ ಮನೆಯವರು ಹಿತ್ತಿಲಿಗೆ ಬಂದಾಗ ಅವರ ಕಣ್ಣಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು. ಗರಡಿ ಹೋಯಿತೆಂದೇ ತಿಳಿದೆ. ಗೊಬ್ಬರದ ಮೂಟೆ ಹೊತ್ತ ಅವರ ಬೆನ್ನೇ ಕಣ್ಣಮುಂದೆ ಬಂದು ನಾನೂ ಅಳತೊಡಗಿದೆ.

"ಸೋತ್ವಾ?" ಎಂದೆ.

ಅವರು ಬಾಯಿ ತೆರೆದು ಸೀನಿದರು. ಮತ್ತೆ ತೆರೆದು ಮತ್ತೆ ಸೀನಿದರು. ಮೂರನೆಯ ಸಲ, "ಏನೇ ಕುಟ್ಟಿದೆ ನೀನು?" ಎಂದರು. ನಾನು ಒರಳನ್ನು ತೋರಿಸಿದೆ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಆದದ್ದು ಹೀಗೆ. ಇಬ್ಬರೂ ಒಬ್ಬರನ್ನೊಬ್ಬರು ಬಿಗಿಹಿಡಿದು ಅಲುಗಾಡದಂತೆ ನಿಂತಿದ್ದಾಗ ಘಾಟು ಬಂದಿತು. ಕಡೂರಿನ ಪೈಲ್ವಾನನು ಮಾನಕ್ಕೆ ಅಂಜಿ ಸೀನನ್ನು ತಡೆಯಲು ಉಸಿರು ಕಟ್ಟಿದನು. ನಮ್ಮವನು ತಡೆಯಲಿಲ್ಲ. ಬಾಯಿ ಮುಚ್ಚಿ, ಹೊಟ್ಟೆಯಾಳದಿಂದ, ಮೂಗಿನ ಮೂಲಕ ಸೀನಿದನು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಉಸಿರು ಪೂರ್ತಿ ಹೊರಗೆ ಬಂದಿತು. ಅದರ ಜೊತೆಗೆ ಕಡೂರಿನವನೂ ನೆಲ ಬಿಟ್ಟು ಮೇಲೆ ಬಂದನು. ಕಡೂರಿನ ವಸ್ತಾದರು ತಕರಾರು ತೆಗೆದರಂತೆ. ತೀರ್ಪುಗಾರರು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಇಬ್ರಿಗೂ ಒಂದೇ ಗಾಳಿ ಕಣ್ರೀ. ಬೆನ್ನಿಗೆ ಮಣ್ಣು ಹತ್ತೈತೋ ಇಲ್ವೋ ನೋಡ್ಕಳಿ" ಎಂದರಂತೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಅಧ್ಯಕ್ಷರು ಹೇಳಿದ್ದು ಇನ್ನೂ ಚಿಕ್ಕದು: "ಗರಡಿ ನೀವೇ ಇಟ್ಕಳ್ರಪ್ಪ. ನಂಗೊಂದು ಚೊಂಬು ನೀರು ಕೊಡಿ."

೭. ಜಗಲಿಯ ಮೇಲಿನ ಪ್ರಶ್ನೆ

ತಿಂಗಳ ಮೇಲೆ ಕಡೂರಿನ ವಸ್ತಾದರು ನಮ್ಮ ಮನೆಗೆ ಬಂದರು. ಬೀರೂರಿಗೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದರು. ನಾನು ಕಾಫಿ ಮಾಡಿ ಇವರ ಕೈಯಲ್ಲಿ ಕಳುಹಿಸಿ, ವಾಡಿಕೆಯಂತೆ ಬಾಗಿಲ ಹಿಂದೆ ನಿಂತೆ.

ಗೆದ್ದ ವಸ್ತಾದರು ಸೋತ ವಸ್ತಾದರಿಗೆ ಒಂದು ಗಂಟೆ ಪಾಠ ಹೇಳಿದರು. ಬಾಯಲ್ಲಿ ನೀರು ತುಂಬಿಕೊಂಡು ಓಡುವುದನ್ನು ಹೇಳಿದರು. ಹೊಟ್ಟೆಯ ಮೇಲಿನ ಚೊಂಬನ್ನು ತಂದು ತೋರಿಸಿದರು. ಅದು ಸೊಟ್ಟಗಾದದ್ದು ಸಾಧನೆಯ ಗುರುತು ಎಂದರು. ಉಸಿರು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕೆಂದು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನಿದ್ದೆಯಲ್ಲಿಯೂ ಬಾಯಿ ತೆರೆಯಬಾರದೆಂದು ಹೇಳಿದಾಗ ಮಾತ್ರ ನಾನು ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಒನಕೆಯ ವಿಷಯ ಒಂದು ಸಲವೂ ಬರಲಿಲ್ಲ.

ಕಡೂರಿನ ವಸ್ತಾದರು ಎಲ್ಲವನ್ನೂ ತಲೆದೂಗಿ ಕೇಳಿದರು. ಲೋಟ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿ ಮೆಟ್ಟಿಲಿಳಿದವರು ಮತ್ತೆ ತಿರುಗಿದರು.

"ನೀವು ಹೇಳಿದ್ದೆಲ್ಲ ಸರಿ ವಸ್ತಾದ್ರೇ. ಒಂದೇ ಒಂದು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ಅವತ್ತಿಂದು ಬ್ಯಾಡಗಿ ಮೆಣಸಿನಕಾಯೋ, ಗುಂಟೂರಿಂದೋ?"

ಉಸಿರಿನ ಬಗ್ಗೆ ಎಂತಹ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ನಮ್ಮ ಮನೆಯವರಿಗೆ ಇದು ಮಾತ್ರ ಗೊತ್ತಿರಲಿಲ್ಲ. ಮೆಲ್ಲನೆ ತಿರುಗಿ ಬಾಗಿಲ ಕಡೆಗೆ ನೋಡಿದರು.

ಆ ಮನೆಗೆ ಬಂದಾಗಿನಿಂದ ನಾನು ಪರ ಗಂಡಸರ ಮುಂದೆ ಒಂದು ಮಾತನ್ನೂ ಆಡಿದವಳಲ್ಲ. ಗೋಡೆಯ ಈಚೆ ನಿಂತು ಅಷ್ಟು ವರ್ಷ ಕೇಳಿದ್ದು ಆಗ ನೆನಪಿಗೆ ಬಂದಿತು. ಬಾಯಿ ಮುಚ್ಚಿದೆ. ಮೂಗಿನಿಂದ ಹೊಟ್ಟೆಯ ತನಕ ಎಳೆದುಕೊಂಡೆ. ಉಸಿರನ್ನು ಹೊರಗೆ ಬಿಡುವಾಗ ಬಲ ಹಾಕಿದೆ.

"ಅರ್ಧರ್ಧ ಕಣಣ್ಣಾ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಘಾಟಿಗೆ."